ಕೊನೆಯ ಬೆಂಚಿನ ರೋಸ್ಮಿನ್

ಫೆಬ್ರವರಿ 9, ಭಾನುವಾರ

ವರದಿ ಬರೆಯಬೇಕಾದರೆ ಟಿಪ್ಪಣಿ ಬೇಕು. ಶಾಲೆಯಿಂದ ನಿವೃತ್ತಳಾಗಿ ಬರುವಾಗ ತಂದ ಹಳೆಯ ಹಾಜರಿ ಪುಸ್ತಕದಲ್ಲಿ ಖಾಲಿ ಹಾಳೆಗಳು ಉಳಿದಿದ್ದವು. ಇದರಲ್ಲೇ ಬರೆಯುತ್ತೇನೆ. ಬೇರೆ ಯಾರೂ ಓದುವಂತಿಲ್ಲ.

ಆರಾಧನೆ ಮುಗಿದ ಮೇಲೆ ಪಾಸ್ಟರ್ ಗ್ರೇಟಿ ನನ್ನನ್ನು ಒಳಗೆ ಕರೆದು ಒಂದು ಕಾಗದ ಕೊಟ್ಟರು. ವಯಸ್ಸಿನಲ್ಲಿ ನನ್ನ ಅರ್ಧ, ಆದರೂ ಪಾಸ್ಟರ್, ಬಹುವಚನವೇ ಸರಿ.

"ಎನ್ಚಿ, ಆ ಕೊನೇ ಬೆಂಚಲ್ಲಿ ಕೂರ್ತಾರಲ್ಲ, ಅವರು ನಿಮ್ಮ ಏಳನೇ ಪ್ರಾರ್ಥನಾ ಗುಂಪಿಗೆ ಸೇರ್ಬೇಕಂತೆ. ನೀವು ಗುಂಪಿನ ಹಿರಿಯರು. ಸ್ವಲ್ಪ ಹೋಗಿ ಬಂದು ಮಾಡಿ, ಹೇಗೆ ಅಂತ ನೋಡಿ ಒಂದು ವರದಿ ಕೊಡಿ. ಶುಭ ಶುಕ್ರವಾರದ ಒಳಗೆ ಹಿರಿಯರ ಸಭೇಲಿ ತೀರ್ಮಾನ ಮಾಡೋಣ."

ಮೂವತ್ತೆಂಟು ವರ್ಷ ಪಾಠ ಹೇಳಿದವಳನ್ನು ನಮ್ಮ ಈ ಮಿನಾಹಾಸಾ ಗುಡ್ಡಗಾಡಿನಲ್ಲಿ ಸಾಯುವ ತನಕ ಎನ್ಚಿ ಎಂದೇ ಕರೆಯುತ್ತಾರೆ. ಆಲ್ಚೆ ಪಾಂಗ್‌ಕೆ ಎಂಬ ನನ್ನ ಹೆಸರು ಈಗ ಪಿಂಚಣಿ ಕಚೇರಿಯವರಿಗೆ ಮಾತ್ರ ಗೊತ್ತು.

ಕಾಗದ ವರ್ಗಾವಣೆ ಪತ್ರ. ರೋಸ್ಮಿನ್ ಬಾವೊಲೆ, 54 ವರ್ಷ, ವಿಧವೆ, ಸಾಂಗಿಹೆ ದ್ವೀಪದ ಸಭೆಯಿಂದ. ದೀಕ್ಷಾಸ್ನಾನದ ದಿನಾಂಕ ಇದೆ, ಮೊಹರು ಇದೆ. ಆದರೆ 'ಬಾವೊಲೆ' ಎಂಬ ಪದ ಸಾಲಿನಿಂದ ಕೂದಲೆಳೆಯಷ್ಟು ಮೇಲಿದೆ. ಅಳಿಸಿ ಮತ್ತೆ ಟೈಪು ಮಾಡಿದ್ದಾರೆ. ಮಕ್ಕಳು ಅಂಕಪಟ್ಟಿ ತಿದ್ದಿದ್ದನ್ನು ಹಿಡಿದ ಕಣ್ಣು ನನ್ನದು.

ಇನ್ನೊಂದು. ಜನವರಿಯ ಪ್ರಭುಭೋಜನದ ದಿನ ಎಲ್ಲರೂ ಎದ್ದು ಮೇಜಿನ ಹತ್ತಿರ ಹೋದರೆ ಇವಳೊಬ್ಬಳು ಕದಲಲಿಲ್ಲ. ರೊಟ್ಟಿಯ ತಟ್ಟೆ ಹಿಡಿದು ನಿಂತಿದ್ದವಳು ನಾನೇ. ಯಾಕೆ ಏಳಲಿಲ್ಲ ಎಂದು ಪಾಸ್ಟರ್ ಕೇಳಿದರೆ "ಇನ್ನೂ ಆಗ್ಲಿಲ್ಲ" ಎಂದಳಂತೆ. ಏನು ಆಗಲಿಲ್ಲ?

ಫೆಬ್ರವರಿ 13, ಗುರುವಾರ

ಗುಂಪಿನ ಪ್ರಾರ್ಥನೆ ಈ ವಾರ ನನ್ನ ಮನೆಯಲ್ಲಿ. ಅವಳನ್ನೂ ಕರೆದೆ. ಬಂದಳು, ಒಳಗೆ ಕೂರಲಿಲ್ಲ, ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಹಾಡುವಾಗ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಕಣ್ಣು ಮಾತ್ರ ಗೋಡೆಯ ಮೇಲೆ, ನನ್ನ ಗಂಡ ವೆಂಪಿಯ ಫೋಟೋ ಮೇಲೆ. ಇವಳಿಗೇನು ಅಲ್ಲಿ ಕೆಲಸ?

ಊಟಕ್ಕೆ ಏಳುವಷ್ಟರಲ್ಲಿ ಆಸಾಮಿ ಮಾಯ. ಈ ಊರಲ್ಲಿ ಪ್ರಾರ್ಥನೆಗೆ ಬಂದು ಉಣ್ಣದೆ ಹೋದವರನ್ನು ನಾನು ಕಂಡಿಲ್ಲ. ಕಳ್ಳ ಕೂಡ ಉಂಡೇ ಹೋಗುತ್ತಾನೆ.

ಫೆಬ್ರವರಿ 19, ಬುಧವಾರ

ಮರದ ಅಂಗಡಿಯ ನೋಲ್ಡಿ ಗೇಟಿನ ಹತ್ತಿರ ಬೈಕು ನಿಲ್ಲಿಸಿದ. ಮೂರನೇ ಗುಂಪಿನ ಹಿರಿಯ, ಸಭೆಯ ಕಾರ್ಯದರ್ಶಿ. ನನ್ನ ನಾಲ್ಕನೇ ತರಗತಿಯಲ್ಲಿ ಎರಡು ವರ್ಷ ಕೂತವನು.

"ಎನ್ಚಿ, ಆ ದ್ವೀಪದವಳು ಬುಧವಾರ ಬುಧವಾರ ಎಲ್ಲಿಗ್ ಹೋಗ್ತಾಳೆ ಗೊತ್ತಾ?"

"ನಿನ್ಗೆ ಗೊತ್ತಿದ್ರೆ ಹೇಳು. ಒಗಟು ಬೇಡ."

"ಎಂಟು ಗಂಟೆ ವ್ಯಾನಿಗೆ. ಕೈಯಲ್ಲಿ ಬುತ್ತಿ. ಆ ಹೊಳೇಲಿ ಮುಳುಗ್ಸಿ ಮತ್ತೆ ದೀಕ್ಷಾಸ್ನಾನ ಕೊಡೋರ ಕೂಟ ಇರೋದೂ ಬುಧವಾರಾನೇ! ಹೋದ ವರ್ಷ ನಮ್ಮ ನಾಲ್ಕು ಕುಟುಂಬ ಕರ್ಕೊಂಡ್ ಹೋದ್ರಲ್ಲ, ಮೊದ್ಲು ಹಿಂಗೇ ಒಬ್ಬಳನ್ನ ಕಳ್ಸಿದ್ರು. ಮೆತ್ತಗೆ ಬರ್ತಾರೆ, ಕೊನೇಲಿ ಕೂರ್ತಾರೆ."

ನೋಲ್ಡಿಯ ಮಾತನ್ನು ಹಾಗೇ ನಂಬುವವಳಲ್ಲ ನಾನು. ಆದರೂ ಮಧ್ಯಾಹ್ನ ಕಿಟಕಿ ಬಳಿ ಬೀನ್ಸ್ ಬಿಡಿಸುತ್ತ ಕೂತೆ. ಒಂದೂವರೆಗೆ ವ್ಯಾನಿನಿಂದ ಇಳಿದಳು. ಬುತ್ತಿ ಹಗುರವಾಗಿ ತೂಗಾಡುತ್ತಿತ್ತು. ಯಾರಿಗೋ ಉಣಿಸಿ ಬಂದಿದ್ದಾಳೆ.

ಫೆಬ್ರವರಿ 25, ಮಂಗಳವಾರ

ಅವಳ ಕೋಣೆಗೆ ಹೋದೆ, ಹೇಳದೆ ಕೇಳದೆ. ಸೇವಂತಿಗೆ ತೋಟದ ಹಿಂದಿನ ಒಂಟಿ ಕೋಣೆ. ತೋಟದಲ್ಲಿ ಕಳೆ ಕೀಳುವ ಕೆಲಸವಂತೆ. ಒಂದು ಮಂಚ, ಒಂದು ಒಲೆ, ಬಟ್ಟೆಯಲ್ಲಿ ಸುತ್ತಿದ ಸತ್ಯವೇದ. ನೀರು ತರಲು ಹೊರಗೆ ಹೋದಾಗ ಬಿಚ್ಚಿ ನೋಡಿದೆ. (ಇದು ವಿಚಾರಣೆ. ತಪ್ಪಲ್ಲ.) ಪುಸ್ತಕವೆಲ್ಲ ಅಚ್ಚುಕಟ್ಟು, ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದ ಪುಟ ಮಾತ್ರ ಬೆರಳಿನ ಜಿಡ್ಡಿಗೆ ಕಂದಿಹೋಗಿದೆ.

ಪ್ರಶ್ನೆ ಕೇಳಿದೆ. ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ, ಎಲ್ಲ ಒಂದಕ್ಷರ ತಪ್ಪಿಲ್ಲದೆ ಒಪ್ಪಿಸಿದಳು. ಅಷ್ಟೊಂದು ಸರಿಯಾಗಿ ಯಾರು ಒಪ್ಪಿಸುತ್ತಾರೆ? ಬಾಯಿಪಾಠ ಮಾಡಿಕೊಂಡು ಬಂದವರು.

"ಗಂಡನ ಕಡೆ ಹೆಸರೇನು?"

"ಅವರು ಹೋಗಿ ಹದಿನಾಲ್ಕು ವರ್ಷ ಆಯ್ತು ಎನ್ಚಿ. ಊಟ ಮಾಡಿ."

ಹೆಸರು ಕೇಳಿದರೆ ಊಟ ಬಡಿಸುತ್ತಾಳೆ. ಹೊಗೆಯಲ್ಲಿ ಒಣಗಿಸಿದ ಮೀನು, ಹಸಿಮೆಣಸಿನ ಚಟ್ನಿ. ಪರೀಕ್ಷೆಗಾಗಿ ಉಂಡೆ. ಎರಡು ಸಲ ಬಡಿಸಿಕೊಂಡದ್ದೂ ಪರೀಕ್ಷೆಗಾಗಿಯೇ.

ಮಾರ್ಚ್ 6, ಗುರುವಾರ

ಮೂರು ದಿನದಿಂದ ಜ್ವರ.

ಅವಳು ಬಂದಿದ್ದಾಳೆ. ನಾನು ಕರೆಯಲಿಲ್ಲ. ಮನೆಯೊಳಗೆ ಬರಲು ಇಂಥದೇ ಸಮಯ ಕಾದಿದ್ದಳೋ ಏನೋ. ಕುಂಬಳಕಾಯಿ, ಸೊಪ್ಪು ಹಾಕಿ ಗಂಜಿ ಮಾಡಿದಳು. ಹೊದಿಕೆ ಒಗೆದಳು. ಮಲಗಿದಲ್ಲಿಂದಲೇ ಅರೆಗಣ್ಣಲ್ಲಿ ನೋಡುತ್ತಿದ್ದೆ. ಗೋಡೆಯ ಫೋಟೋಗಳನ್ನೆಲ್ಲ ಒರೆಸುತ್ತ ಬಂದವಳು ವೆಂಪಿಯ ಫೋಟೋ ಮುಂದೆ ಬಟ್ಟೆ ಹಿಡಿದು ನಿಂತಳು. ನಿಂತೇ ಇದ್ದಳು. ಒರೆಸಲಿಲ್ಲ. ಮುಂದಿನದಕ್ಕೆ ಹೋದಳು.

ಯಾಕೆ?

ಮಾರ್ಚ್ 10, ಸೋಮವಾರ

ಜ್ವರ ಬಿಟ್ಟಿದೆ. ಅವಳು ಇವತ್ತು ಬರಲಿಲ್ಲ. ಗಾಳಿಗೆಂದು ಮೂರು ಸಲ ಗೇಟಿನ ತನಕ ಹೋಗಿ ಬಂದೆ.

ಮಾರ್ಚ್ 16, ಭಾನುವಾರ

ಲೋಕೋನ್ ಅಗ್ನಿಪರ್ವತ ಬೂದಿ ಉಗುಳಿದೆ. ನನ್ನ ಹಿತ್ತಲ ಕೋಸಿನ ಎಲೆಗಳ ಮೇಲೆಲ್ಲ ಹಿಟ್ಟು ಉದುರಿಸಿದ ಹಾಗೆ. ರೋಸ್ಮಿನ್ ಬಕೆಟ್ಟು ಹಿಡಿದು ಬಂದು ಒಂದೊಂದು ಎಲೆಯನ್ನೂ ತೊಳೆದಳು. ತೋಟಕ್ಕೆ ಅಷ್ಟು ಹತ್ತಿರ ಬಿಟ್ಟುಕೊಂಡರೆ ಅವಳ ನಡತೆ ಚೆನ್ನಾಗಿ ಗಮನಿಸಬಹುದು. ಅದಕ್ಕೇ ಬಿಟ್ಟುಕೊಂಡೆ.

ದ್ವೀಪದವರಿಗೆ ಕೋಸು ಬೆಳೆಯುವುದು ಗೊತ್ತಿಲ್ಲ. ಸಾಲಿನಿಂದ ಸಾಲಿಗೆ ಎಷ್ಟು ಅಂತರ ಎಂದು ಹೇಳಿಕೊಟ್ಟೆ. "ಎನ್ಚಿ, ನೀವು ಗಿಡಕ್ಕೂ ಲೈನಲ್ಲಿ ನಿಲ್ಲಿ ಅಂತೀರಾ?" ಎಂದಳು. ನಕ್ಕುಬಿಟ್ಟೆ. ನನ್ನ ನಗು ನನಗೇ ಯಾರದೋ ಅನಿಸಿತು.

ನೋಲ್ಡಿ ವರದಿ ಕೇಳುತ್ತಾನೆ. ಇನ್ನೂ ಗಮನಿಸಬೇಕು ಎಂದೆ.

ಮಾರ್ಚ್ 26, ಬುಧವಾರ

ಇವತ್ತು ಬೆನ್ನು ಹತ್ತಿದೆ. ಅವಳು ಹೋದ ವ್ಯಾನಿನ ಹಿಂದಿನ ವ್ಯಾನಿಗೆ ಹತ್ತಿದೆ, ತಲೆಗೆ ಸ್ಕಾರ್ಫು ಕಟ್ಟಿಕೊಂಡು. ಹೊಳೆಯವರ ಕೂಟದ ಮನೆ ಮಾರುಕಟ್ಟೆಯ ಹಿಂದೆ ಇದೆ. ವ್ಯಾನು ಮಾರುಕಟ್ಟೆ ತಲುಪಿದಾಗ ಅವಳು ಆಗಲೇ ಇಳಿದು, ಆ ಮನೆಯ ಕಡೆ ತಿರುಗದೆ ನೇರ ನಡೆಯುತ್ತಿದ್ದಳು. ಶಾಲೆ ದಾಟಿದಳು. ಜೈಲಿನ ಗೋಡೆ ಬಂತು. ಗೇಟಿನ ಮುಂದೆ ಹೆಂಗಸರ ಸಾಲು, ಎಲ್ಲರ ಕೈಯಲ್ಲೂ ಬುತ್ತಿ. ಅವಳೂ ನಿಂತಳು.

ನೋಲ್ಡಿಯ ಮುಖಕ್ಕೆ ಹೊಡೆದಂತಾಯಿತು ಎಂದು ನನಗೆ ಖುಷಿಯಾದದ್ದು ನಿಜ. ಸೆರೆಯಲ್ಲಿರುವವರನ್ನು ನೋಡಲು ಹೋಗಿ ಎಂದು ಪ್ರತಿ ವರ್ಷ ಪಾಸ್ಟರ್ ಬೋಧಿಸುತ್ತಾರೆ, ನಮ್ಮಲ್ಲಿ ಒಬ್ಬರೂ ಹೋದವರಿಲ್ಲ. ಇವಳು ಸದ್ದಿಲ್ಲದೆ ಹೋಗುತ್ತಿದ್ದಾಳೆ. ನನ್ನ ಗುಂಪಿನವಳು! ಅವಳು ಒಳಗೆ ಹೋದ ಮೇಲೆ ಕಾವಲಿನವನ ಹತ್ತಿರ ಹೋದೆ.

"ಅಜ್ಜಿ, ಯಾರನ್ನ ನೋಡ್ಬೇಕು? ಪುಸ್ತಕದಲ್ಲಿ ಬರೀರಿ."

ಪುಸ್ತಕ ನನ್ನ ಕಡೆ ತಿರುಗಿಸಿದ. ಮೇಲಿನ ಸಾಲಿನಲ್ಲಿ ಅವಳ ಅಕ್ಷರ, ಗುಂಡಗೆ, ಒತ್ತಿ ಬರೆದದ್ದು. ಬಂದವರು: ರೋಸ್ಮಿನ್ ಕಾನ್ಸಿಲ್. ಕೈದಿ: ಯೆಫ್ತಾ ಕಾನ್ಸಿಲ್. ಸಂಬಂಧ: ತಾಯಿ.

ಪೆನ್ನು ಅಲ್ಲೇ ಇಟ್ಟು ಬಂದೆ. ವ್ಯಾನು ಹತ್ತಿದ್ದು ನೆನಪಿಲ್ಲ.

ಮಾರ್ಚ್ 27

ಯೆಫ್ತಾ ಕಾನ್ಸಿಲ್.

ಮಾರ್ಚ್ 30, ಭಾನುವಾರ

ಚರ್ಚಿಗೆ ಹೋಗಲಿಲ್ಲ. ಹಲ್ಲು ನೋವು ಎಂದು ಹೇಳಿ ಕಳಿಸಿದೆ.

ಮೂರು ವರ್ಷದ ಹಿಂದೆ ಇಂಥದೇ ಒಂದು ಭಾನುವಾರ ಬೆಳಗ್ಗೆ ಆರೂವರೆಗೆ ವೆಂಪಿ ಚರ್ಚಿನ ಹೂದಾನಿಗೆ ಹೂ ತೆಗೆದುಕೊಂಡು ರಸ್ತೆಯಂಚಿನಲ್ಲಿ ಹೋಗುತ್ತಿದ್ದರು. ಜಲ್ಲಿ ಲಾರಿ. ಚಾಲಕನಿಗೆ ಇಪ್ಪತ್ತಾರು ವರ್ಷ, ರಾತ್ರಿಯೆಲ್ಲ ತಾಳೆ ಸಾರಾಯಿ ಕುಡಿದಿದ್ದನಂತೆ. ಲಾರಿ ನಿಲ್ಲಿಸದೆ ಓಡಿದ, ಮಾರನೆಯ ದಿನ ತಾನಾಗಿ ಬಂದು ಠಾಣೆಯಲ್ಲಿ ಕೂತ. ಐದು ವರ್ಷ ಶಿಕ್ಷೆ. ನಾನು ಕೋರ್ಟಿಗೆ ಹೋಗಲಿಲ್ಲ, ಮೈದುನ ಹೋಗಿದ್ದ. ಆ ಹೆಸರೊಂದನ್ನು ಮಾತ್ರ ಕೇಳಿ ಇಟ್ಟುಕೊಂಡಿದ್ದೆ. ಬೇರೆ ಯಾರಿಗೂ ಹೇಳಿಲ್ಲ, ದಿನಾ ನೆನೆಸಿಕೊಳ್ಳುತ್ತೇನೆ. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಹೆಸರು.

ಈಗ ಎಲ್ಲ ಅರ್ಥವಾಗುತ್ತಿದೆ. ಆ ಗಂಜಿ ಲಂಚ. ತೊಳೆದ ಕೋಸಿನ ಎಲೆ ಲಂಚ. ನನ್ನ ಮನೆ, ನನ್ನ ಹಾಸಿಗೆ, ನನ್ನ ಜ್ವರ ಎಲ್ಲದರೊಳಗೂ ಕೈ ಹಾಕಿದಳು. ನನ್ನ ನಗುವನ್ನೂ ಕದ್ದಳು.

ಏಪ್ರಿಲ್ 1, ಮಂಗಳವಾರ

ಬಂದಳು. ಗೇಟು ತೆಗೆಯಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದೆ, "ರೋಸ್ಮಿನ್ ಕಾನ್ಸಿಲ್, ಹೋಗು."

ಆ ಹೆಸರು ಕೇಳಿ ಬೇಲಿ ಹಿಡಿದುಕೊಂಡಳು. ಓಡುತ್ತಾಳೆ ಅಂದುಕೊಂಡಿದ್ದೆ, ಓಡಲಿಲ್ಲ.

"ಗೊತ್ತಾಯ್ತಾ ಎನ್ಚಿ?"

"ಸುಳ್ಳು ಕಾಗದ ಹಿಡ್ಕೊಂಡ್ ಬಂದು ನನ್ನ ಗಂಡನ ಫೋಟೋ ಮುಂದೆ ನಿಲ್ತೀಯಲ್ಲ, ನಾಚಿಕೆ ಆಗ್ಲಿಲ್ವಾ?"

"ಬಾವೊಲೆ ಸುಳ್ಳಲ್ಲ. ಅಪ್ಪನ ಮನೆ ಹೆಸರು. ನಮ್ಮ ಪಾಸ್ಟರ್ ಹತ್ರ ಬೇಡ್ಕೊಂಡು ಬದಲಾಯ್ಸಿದೆ. ಕಾನ್ಸಿಲ್ ಅಂತ ಇದ್ದಿದ್ರೆ ನೀವು ಗೇಟು ತೆಗೀತಿದ್ರಾ?"

"ಇಲ್ಲ."

"ಅದಕ್ಕೇ."

"ಮಗನ ಶಿಕ್ಷೆ ಕಡಿಮೆ ಮಾಡಿಸೋಕೆ ನನ್ನ ಸಹಿ ಬೇಕಾ? ಅದಕ್ಕಾ ಗಂಜಿ ಕಾಯ್ಸಿದ್ದು?"

"ಅವ್ನು ಐದೂ ವರ್ಷ ಇರ್ಲಿ ಎನ್ಚಿ. ನಾನೇ ಹೇಳಿದೀನಿ, ಇರು ಅಂತ. ಅದಕ್ಕಲ್ಲ." ಬೇಲಿಯಿಂದ ಕೈ ತೆಗೆದಳು. "ಕಾಣಿಕೆ ತಗೊಂಡ್ ವೇದಿ ಹತ್ರ ಹೋಗುವಾಗ, ಯಾರಿಗಾದ್ರೂ ನಮ್ಮ ಮೇಲೆ ನೋವಿದೆ ಅಂತ ನೆನಪಾದ್ರೆ, ಕಾಣಿಕೆ ಅಲ್ಲೇ ಬಿಟ್ಟು ಮೊದ್ಲು ಅವ್ರ ಹತ್ರ ಹೋಗು ಅಂತ ಯೇಸು ಹೇಳಿದಾರಲ್ಲ. ಮೂರು ವರ್ಷ ಆಯ್ತು, ನಾನು ಆ ರೊಟ್ಟಿ ಮುಟ್ಟಿಲ್ಲ. ಕೊನೆಗೆ ಮನೆ ಬೀಗ ಹಾಕಿ ದೋಣಿ ಹತ್ತಿದೆ. ಬಂದ ದಿನಾನೇ ಕೇಳ್ಬೇಕು ಅಂತಿದ್ದೆ. ನಿಮ್ಮ ಮುಖ ನೋಡಿದ್ರೆ ಬಾಯಿ ಬರ್ಲಿಲ್ಲ. ಇವತ್ತು ಹೇಳ್ತೀನಿ, ನಾಳೆ ಹೇಳ್ತೀನಿ ಅಂತಲೇ..."

"ತಪ್ಪು ಮಾಡಿದ್ದು ನೀನಲ್ಲ."

ಇದನ್ನು ಯಾಕೆ ಹೇಳಿದೆನೋ ತಿಳಿಯದು.

"ಮೊದಲ್ನೇ ಲೋಟ ಅವ್ನಿಗೆ ನಮ್ಮನೇಲೇ ಸಿಕ್ಕಿದ್ದು ಎನ್ಚಿ. ಹಬ್ಬದ ದಿನ ನಾನೇ ಬಗ್ಗಿಸಿ ಕೊಟ್ಟಿದ್ದೆ, ಗಂಡ್ಸಾದ ಅಂತ."

ಬಾಗಿಲು ಹಾಕಿಕೊಂಡೆ. ಒಳ್ಳೆಯ ಮಾತುಗಾತಿ. ಇದೂ ಬಾಯಿಪಾಠವೇ ಇರಬೇಕು.

ಏಪ್ರಿಲ್ 5, ಶನಿವಾರ

ವರದಿ ಬರೆದು ಮುಗಿಸಿದೆ. ನಾಲ್ಕು ಪುಟ. ಹೆಸರು ಮರೆಮಾಚಿದ್ದು, ಕೈದಿಯ ತಾಯಿ ಎಂಬುದನ್ನು ಹೇಳದೆ ಇದ್ದದ್ದು, ಹಿರಿಯರ ಮನೆಗೆ ದುರುದ್ದೇಶದಿಂದ ಪ್ರವೇಶ. ಕೊನೆಗೆ: ಸದಸ್ಯತ್ವಕ್ಕೆ ಅನರ್ಹಳು. ಒಂದೂ ಕಾಗುಣಿತ ತಪ್ಪಿಲ್ಲ.

ಮತ್ತಾಯನ ಆ ಭಾಗ ತೆಗೆದು ನೋಡಿದೆ, ಅವಳು ತಿರುಚಿ ಹೇಳಿದ್ದಾಳೋ ಎಂದು. ತಿರುಚಿಲ್ಲ.

ಏಪ್ರಿಲ್ 8, ಮಂಗಳವಾರ

ಕೋಸಿಗೆ ಹುಳು ಬಿದ್ದಿದೆ. ಒಬ್ಬಳ ಕೈಯಲ್ಲಿ ಆಗುವ ಕೆಲಸವಲ್ಲ.

ಏಪ್ರಿಲ್ 12, ಶನಿವಾರ

ಹಿರಿಯರ ಸಭೆ. ನೋಲ್ಡಿ ಹೇಗೋ ಮೊದಲೇ ವಾಸನೆ ಹಿಡಿದಿದ್ದ. ಜೈಲಿನ ಕಾವಲಿನವನು ಅವನ ಹೆಂಡತಿಯ ಕಡೆಯವನಂತೆ. ನಾನು ಕಾಗದ ಬಿಚ್ಚುವ ಮೊದಲೇ ಶುರು ಮಾಡಿದ.

"ಪಾಸ್ಟರ್, ಇದರಲ್ಲಿ ಮಾತಾಡೋಕೇನಿದೆ? ಜೈಲು ಹಕ್ಕಿಯ ತಾಯಿ. ಕುಡುಕ ಕೊಲೆಗಾರನ ತಾಯಿ. ಅದೂ ನಮ್ಮ ಎನ್ಚಿ ಗಂಡನ್ನೇ ಕೊಂದೋನು! ಇಂಥೋರನ್ನ ಮೇಜಿಗೆ ಕೂರಿಸಿದ್ರೆ ನಮ್ಮ ಸಭೆ ಹೆಸರು ಏನಾಗ್ಬೇಕು? ದ್ವೀಪದೋರಿಗೆ ದ್ವೀಪವೇ ಸರಿ. ಎನ್ಚಿ, ಓದಿ ನಿಮ್ಮ ವರದಿ."

ನನ್ನ ಕೈಯಲ್ಲಿದ್ದ ನಾಲ್ಕು ಪುಟದಲ್ಲಿ ಇದ್ದದ್ದೂ ಅದೇ. ಆದರೆ ಅವನ ಬಾಯಲ್ಲಿ ಕೇಳಿದಾಗ ಹಳಸಿದ ಸಾರಿನ ವಾಸನೆ ಬಂತು. ಅವಳು ಬಗ್ಗಿ ಎಲೆ ತೊಳೆಯುತ್ತಿದ್ದದ್ದು ಕಣ್ಣ ಮುಂದೆ ಬಂತು. ನೋಲ್ಡಿ ಎಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೇ; ಬಹುಶಃ ಅದೇ ಕಾರಣ ಇರಬೇಕು, ಕಾಗದವನ್ನು ಮಡಿಸಿ ಚೀಲದೊಳಗೆ ಇಟ್ಟೆ.

"ವರ್ಗಾವಣೆ ಪತ್ರ ಸರಿಯಾಗಿದೆ," ಎಂದೆ. "ಹೆಸರು ತವರಿನದು. ಮೊಹರು ನಿಜ. ವಿಶ್ವಾಸ ಪ್ರಮಾಣ ನಿನಗಿಂತ ಚೆನ್ನಾಗಿ ಹೇಳ್ತಾಳೆ ನೋಲ್ಡಿ."

"ಎನ್ಚಿ, ನೀವೇ ಹಿಂಗಂದ್ರೆ?"

"ನನ್ನ ಮಾತು ಮುಗ್ದಿಲ್ಲ. ಕೂತ್ಕೋ."

ಕೂತ. ಐವತ್ತು ವರ್ಷದವನಾದರೂ ಕೂತ.

"ಅವಳ ಮೇಲೆ ದೂರು ಇರೋದು ಈ ಊರಲ್ಲಿ ಒಬ್ಬರಿಗೇ. ನನಗೆ. ಸಭೆಗೆ ಅಲ್ಲ, ಮೂರನೇ ಗುಂಪಿಗೆ ಅಲ್ಲ. ನನ್ನ ಗಂಡನ ಹೆಸರನ್ನ ಯಾರೂ ಬಾಡಿಗೆಗೆ ತಗೋಬೇಡಿ."

ಪಾಸ್ಟರ್ ಮೆಲ್ಲಗೆ ಕೇಳಿದರು, "ಹಾಗಾದ್ರೆ ಎನ್ಚಿ, ನೀವು ಕ್ಷಮಿಸಿದೀರಾ?"

"ಇಲ್ಲ. ಅದನ್ನೂ ಬರ್ಕೊಳ್ಳಿ."

ಅವಳನ್ನು ಸೇರಿಸಿಕೊಂಡರು. ಮನೆಗೆ ಬರುವಾಗ ಒಂದು ವಿಚಾರ ಕಾಲಿಗೆ ಸಿಕ್ಕ ಕಲ್ಲಿನ ಹಾಗೆ ಎಡವಿಸಿತು. ಮೂರು ವರ್ಷ ಅವಳು ರೊಟ್ಟಿ ಮುಟ್ಟಲಿಲ್ಲ. ಆ ಮೂರೂ ವರ್ಷ ತಟ್ಟೆ ಹಿಡಿದು, ಮೊದಲು ತಾನು ತಿಂದು, ಆಮೇಲೆ ಊರಿಗೆಲ್ಲ ಹಂಚಿದವಳು ನಾನು. ಪ್ರತಿ ಸಲ ಆ ಹೆಸರು ಬಾಯಲ್ಲಿಟ್ಟುಕೊಂಡೇ.

ಏಪ್ರಿಲ್ 18, ಶುಭ ಶುಕ್ರವಾರ

ಗಂಟೆ ಬಾರಿಸಲಿಲ್ಲ. ಎಲ್ಲರೂ ಕಪ್ಪು ಬಟ್ಟೆ. ಉದ್ದನೆಯ ಮೇಜು, ಬಿಳಿ ಹಾಸು. ಹಿರಿಯರು ಮುಂದೆ ಬನ್ನಿ ಎಂದು ಪಾಸ್ಟರ್ ಕರೆದರು. ನಾನು ಬೆಳಗ್ಗೆಯೇ ತಿಳಿಸಿದ್ದೆ, ತಟ್ಟೆ ಬೇರೆಯವರಿಗೆ ಕೊಡಿ ಎಂದು. ಮಂಡಿ ನೋವು. ಮುಂದಿನ ಸಾಲಿನಲ್ಲಿ ಕಾಲು ಚಾಚಲು ಜಾಗವಿಲ್ಲ. ಹಿಂದೆ ಹೋದೆ. ಕೊನೆಯ ಬೆಂಚು ಪೂರ್ತಿ ಖಾಲಿ, ಅವಳೊಬ್ಬಳೇ. ಕೂತೆ.

ಸಾಲು ಸಾಲಾಗಿ ಜನ ಎದ್ದು ಹೋದರು. ನಮ್ಮ ಮುಂದಿನ ಬೆಂಚೂ ಖಾಲಿಯಾಯಿತು.

ಅವಳು ಪಿಸುಗುಟ್ಟಿದಳು, "ಎನ್ಚಿ, ನೀವು ಹೋಗಿ."

"ನಿನ್ನನ್ನ ಸೇರಿಸ್ಕೊಂಡಾಯ್ತಲ್ಲ. ನೀನು ಹೋಗು."

"ಸಭೆ ಸೇರಿಸ್ಕೊಂಡಿದೆ." ಅಷ್ಟೇ ಹೇಳಿದಳು.

"ಹಾಗಾದ್ರೆ ಕೂತಿರು."

"ನನ್ನಿಂದ ನೀವೂ ಬಿಡ್ಬೇಡಿ."

"ನಿನ್ನಿಂದ ಅಲ್ಲ. ಮಂಡಿ."

ಇಡೀ ಚರ್ಚು ಮೇಜಿನ ಹತ್ತಿರ ಇತ್ತು, ಇತ್ತ ಇಬ್ಬರು ಮುದುಕಿಯರು. ನೋಲ್ಡಿ ಎರಡು ಸಲ ಕತ್ತು ತಿರುಗಿಸಿ ನೋಡಿದ. ನೋಡಿಕೊಳ್ಳಲಿ. ಎಷ್ಟೋ ದಿನದ ಮೇಲೆ ಕಣ್ಣು ಮುಚ್ಚಿ ಕೂತೆ. ಆ ಹೆಸರು ಬಂತು. ಬಂದದ್ದು ನಿಜ. ಆದರೆ ಪಕ್ಕದಲ್ಲೇ ಆ ಹೆಸರಿಟ್ಟವಳು ಉಸಿರಾಡುತ್ತಿದ್ದಳು. ಎಷ್ಟು ಪ್ರಯತ್ನಿಸಿದರೂ ಹಿಂದಿನ ಹಾಗೆ ಶಪಿಸಲು ಆಗಲಿಲ್ಲ.

ಹೊರಗೆ ಬರುವಾಗ ಹೇಳಿದೆ, "ನಾಳೆ ಬಾ. ಬೇಲಿ ಆಚೆ ನಿಂತು ಕೇಳೋ ಮಾತಲ್ಲ ಅದು. ಸರಿಯಾಗಿ ಕೇಳು. ಕ್ಷಮೆ ಕೊಡ್ತೀನಿ ಅಂತ ಮಾತ್ರ ಅಂದ್ಕೋಬೇಡ."

ಏಪ್ರಿಲ್ 19, ಶನಿವಾರ

ಬಂದಳು. ಅಡಿಗೆಮನೆಯಲ್ಲಿ ಕೂರಿಸಿದೆ. ಮಗ ಮಾಡಿದ್ದನ್ನು, ತಾನು ಮಾಡಿದ್ದನ್ನು, ಏನನ್ನೂ ಬಿಡದೆ ಹೇಳಿದಳು. ಅಂದು ಬೆಳಗ್ಗೆ ರಸ್ತೆಯ ಮೇಲೆ ಹೂ ಬಿದ್ದಿದ್ದನ್ನು ಲಾರಿಯ ಕನ್ನಡಿಯಲ್ಲಿ ನೋಡಿದೆ ಎಂದು ಅವನು ಅವಳಿಗೆ ಹೇಳಿದ್ದನಂತೆ. ಕೇಳಲು ಆಗಲಿಲ್ಲ, ಆದರೂ ಕೇಳಿದೆ. ಕೊನೆಗೆ ಕ್ಷಮೆ ಕೇಳಿದಳು.

"ಇವತ್ತು ಆಗ್ತಿಲ್ಲ," ಎಂದೆ. "ನಾಳೆ ಬಾ."

ಏಪ್ರಿಲ್ 20, ಪುನರುತ್ಥಾನದ ಭಾನುವಾರ

ಹಬ್ಬದ ಊಟ ಮುಗಿಸಿ ಬಂದಳು. ಕೇಳಿದಳು.

"ಇವತ್ತೂ ಆಗ್ತಿಲ್ಲ. ನಾಳೆ ಬಾ."

ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ಪಾತ್ರೆ ತೊಳೆದು ಹೋದಳು. ಇಷ್ಟು ತಾಳ್ಮೆ ಇರುವವರನ್ನು ನಂಬಬಾರದು ಎಂದು ನನ್ನ ತಾಯಿ ಹೇಳುತ್ತಿದ್ದಳು. ತಾಯಿ ಎಷ್ಟೋ ವಿಷಯದಲ್ಲಿ ತಪ್ಪು ಹೇಳಿದ್ದಾಳೆ.

ಏಪ್ರಿಲ್ 21, ಸೋಮವಾರ

ಬೆಳಗ್ಗೆಯಿಂದ ಕೋಸಿನ ಹುಳು ಆರಿಸಿದೆವು. ಅವಳೊಂದು ಸಾಲು, ನಾನೊಂದು ಸಾಲು. ಮೀನಿನ ಮಾತು, ದೋಣಿಯ ಮಾತು, ಪಾಸ್ಟರ್ ಹಾಡುವಾಗ ಶ್ರುತಿ ತಪ್ಪುವ ಮಾತು. ಬಿಸಿಲು ಏರಿದ ಮೇಲೆ ಅವಳು ಬೆನ್ನು ನೆಟ್ಟಗೆ ಮಾಡಿ ನಿಂತಳು.

"ಎನ್ಚಿ, ಕೇಳೋದು ಮರೆತೇಬಿಟ್ಟೆ. ಇವತ್ತು?"

ನನ್ನ ಕೈ ತುಂಬ ಮಣ್ಣು. ಒಂದು ಹಸಿರು ಹುಳು ಬೆರಳ ಮೇಲೆ ಹತ್ತುತ್ತಿತ್ತು. ಮೊದಲೇ ಸಿದ್ಧ ಮಾಡಿಟ್ಟುಕೊಂಡಿದ್ದ ಮಾತು ಯಾವುದೂ ಬಾಯಿಗೆ ಬರಲಿಲ್ಲ.

"ಆಯ್ತು," ಎಂದೆ.

"ಏನು ಎನ್ಚಿ?"

"ಆಯ್ತು ಅಂದ್ನಲ್ಲ. ಎಷ್ಟು ಸಲ ಹೇಳ್ಬೇಕು?"

ಅವಳು ಅಲ್ಲೇ ಸಾಲಿನ ನಡುವೆ ಕುಸಿದು ಕೂತು ತೋಳಿನಲ್ಲಿ ಮುಖ ಮುಚ್ಚಿಕೊಂಡಳು. ಅಳಲಿ ಎಂದು ಬಿಟ್ಟೆ. ನನ್ನ ಸಾಲಿನಲ್ಲಿ ಐದು ಗಿಡ ಉಳಿದಿದ್ದವು. ಅವನ್ನು ಮುಗಿಸಿದೆ. ಆಮೇಲೆ ನಾನೂ ಅವಳ ಪಕ್ಕ ಮಣ್ಣಿನಲ್ಲಿ ಕೂತೆ.